ತಿದ್ದಿದ ದನಿ

ವಡಪಳನಿಯಲ್ಲಿ ಮನೆ ಎಂದರೆ ಸಾಕು, ಊರಿನಿಂದ ಬಂದ ನೆಂಟರು ಕೇಳುವ ಮೊದಲ ಪ್ರಶ್ನೆ ಇಂದಿಗೂ ಒಂದೇ: “ಯಾವ ಯಾವ ನಟರನ್ನು ನೋಡಿದಿರಿ?” ನೋಡಿದ್ದು ಕಡಮೆ. ಬೆಳಿಗ್ಗೆ ಎಂಟೂವರೆಗೆ ಬಸ್ಸು ಹಿಡಿದು ಸಂಜೆ ಏಳಕ್ಕೆ ಮನೆ ಸೇರುವ ಕೇಂದ್ರ ಸರ್ಕಾರದ ಗುಮಾಸ್ತರಿಗೆ ನಟರ ದರ್ಶನವಾಗುವುದು ಗೋಡೆಯ ಮೇಲಿನ ಭಿತ್ತಿಪತ್ರಗಳಲ್ಲಿ ಮಾತ್ರ. ಆದರೆ ಇಲ್ಲಿಗೆ ಬಂದು ಕೆಲವು ವರ್ಷಗಳಾದ ಮೇಲೆ ನಮಗೊಂದು ಸಂಗತಿ ಹೊಳೆಯಿತು. ಕನ್ನಡಿಗರಾದ ನಮಗೆ ಈ ಬಡಾವಣೆಯೊಡನೆ ಇರುವ ನಂಟು ಕಣ್ಣಿನದಕ್ಕಿಂತ ಕಿವಿಯದು.

ಎ.ವಿ.ಎಂ. ಸ್ಟುಡಿಯೋ ಕಾರೈಕುಡಿಯಿಂದ ಇಲ್ಲಿಗೆ ಬಂದದ್ದು 1948ರಲ್ಲಿ. ಅದರ ಆಸುಪಾಸಿನಲ್ಲೇ ಬಿ. ನಾಗಿರೆಡ್ಡಿಯವರ ವಿಜಯಾ ವಾಹಿನಿ ಇತ್ತು. ಆ ಜಾಗದಲ್ಲಿ ಈಗ ಆಸ್ಪತ್ರೆ, ಮಾಲುಗಳು ಎದ್ದಿವೆ. ಪಕ್ಕದ ಸಾಲಿಗ್ರಾಮಂನಲ್ಲಿ ಪ್ರಸಾದ್ ಸ್ಟುಡಿಯೋ. 1954ರ ‘ಬೇಡರ ಕಣ್ಣಪ್ಪ’ದ ಕಾಲದಿಂದ ಎರಡು ಮೂರು ದಶಕಗಳವರೆಗೆ ಕನ್ನಡ ಚಿತ್ರಗಳ ಹಾಡುಗಳು ಬಹುಪಾಲು ಮದರಾಸಿನ ಇಂಥ ಆವರಣಗಳಲ್ಲೇ ಹುಟ್ಟಿದವು. ನಮ್ಮ ತಂದೆ ತಾಯಿಯರು ಊರಿನ ಜಗಲಿಯಲ್ಲಿ ಕೂತು ರೇಡಿಯೋದಲ್ಲಿ ಕೇಳಿ ತಲೆದೂಗಿದ ಎಷ್ಟೋ ಹಾಡುಗಳು ನಾವೀಗ ಹಾಲಿನ ಪ್ಯಾಕೆಟ್ಟು ತರಲು ಓಡಾಡುವ ಈ ಬೀದಿಗಳ ಆಸುಪಾಸಿನಲ್ಲಿ ಮುದ್ರಣಗೊಂಡವು. ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸರೂ, ಆಂಧ್ರದವರೇ ಆದ ಎಸ್. ಜಾನಕಿಯವರೂ ತಮಿಳು ನೆಲದಲ್ಲಿ ನಿಂತು ಕನ್ನಡಕ್ಕೆ ದನಿ ಕೊಟ್ಟರು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲೇ ‘ಸಂಕೇತ್’ ಎಂಬ ಧ್ವನಿಮುದ್ರಣ ಕೇಂದ್ರವನ್ನು ಕಟ್ಟಿದ ಮೇಲೆ ಹಾಡಿಗಾಗಿ ಮದರಾಸಿನ ರೈಲು ಹತ್ತುವ ಅಗತ್ಯ ಕಡಮೆಯಾಯಿತು. ಆದರೂ ಈ ಬೀದಿಗಳಿಗೆ ನಮ್ಮ ನಾಡು ತೀರಿಸಬೇಕಾದ ಋಣ ಹಾಗೆಯೇ ಉಳಿದಿದೆ.

ಇಂಥ ಜಾಗದಲ್ಲಿದ್ದೂ ನಾವು ಧ್ವನಿಮುದ್ರಣ ಕಲಿಯಹೊರಟದ್ದು ಸಿನಿಮಾದ ಆಸೆಯಿಂದಲ್ಲ. ನಮ್ಮ ಸಂಘದ ಸಭೆಯೊಂದರಲ್ಲಿ ಹಿರಿಯರೊಬ್ಬರು ಒಂದು ಮಾತೆತ್ತಿದರು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು, ಇವೆಲ್ಲ ನಮ್ಮ ಮನೆಗಳ ಹಿರಿಯ ಹೆಂಗಸರ ಬಾಯಲ್ಲಿವೆ. ಮಕ್ಕಳಿಗೆ ಒಂದೂ ಬಾರದು. ಅವರು ಇರುವಾಗಲೇ ಮುದ್ರಿಸಿಟ್ಟುಕೊಳ್ಳಬೇಡವೇ? ಎಲ್ಲರೂ ಒಪ್ಪಿದರು. ಮಾಡುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣೂ ನಮ್ಮ ಮೇಲೆ ಬಿತ್ತು. “ನೀವು ಬಿ.ಎಸ್‌ಸಿ. ಅಲ್ಲವೇ?” ಎಂದರು ಕಾರ್ಯದರ್ಶಿಗಳು. ಇಪ್ಪತ್ತು ವರ್ಷಗಳ ಹಿಂದೆ ಓದಿದ ಭೌತಶಾಸ್ತ್ರದಲ್ಲಿ, ಟ್ಯೂನಿಂಗ್ ಫೋರ್ಕನ್ನು ರಬ್ಬರಿಗೆ ಬಡಿದು ಗಾಜಿನ ನಳಿಕೆಯ ಬಾಯಿಗೆ ಹಿಡಿದದ್ದು ಬಿಟ್ಟರೆ ಬೇರೇನೂ ನೆನಪಿರಲಿಲ್ಲ. ಆದರೆ ಸಭೆಯಲ್ಲಿ ಪದವಿಯ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ, ಒಪ್ಪಿಕೊಂಡೆವು.

ಆರ್ಕಾಟ್ ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯೊಂದರ ಮೊದಲ ಮಹಡಿಯಲ್ಲಿ ಒಂದು ಪುಟ್ಟ ಸ್ಟುಡಿಯೋ. ಭಾನುವಾರಗಳಲ್ಲಿ ಅಲ್ಲಿ ಪಾಠ ಹೇಳುತ್ತಿದ್ದವರು ದೊಡ್ಡ ಥಿಯೇಟರುಗಳಲ್ಲಿ ತಂತಿ ಸುತ್ತುವ ಕೆಲಸದಿಂದ ಮೊದಲು ಮಾಡಿ ಕಲಿತ ವೃದ್ಧರು. ಸಹಪಾಠಿಗಳೆಲ್ಲ ನಾಳೆಯೇ ಸಂಗೀತ ನಿರ್ದೇಶಕರಾಗಬೇಕೆಂಬ ಇಪ್ಪತ್ತರ ಹುಡುಗರು. ಛತ್ರಿಯನ್ನೂ ಟಿಫನ್ ಡಬ್ಬಿಯನ್ನೂ ಹಿಡಿದು ಬರುತ್ತಿದ್ದವರು ನಾವೊಬ್ಬರೇ.

ಮೊದಲ ದಿನ ಮೇಷ್ಟ್ರು ಯಂತ್ರವನ್ನು ಮುಟ್ಟಗೊಡಲಿಲ್ಲ. ಐದು ನಿಮಿಷ ಸುಮ್ಮನೆ ಕೂತು ಕೇಳಿಸಿದ್ದನ್ನೆಲ್ಲ ಬರೆಯಿರಿ ಎಂದರು. ಫ್ಯಾನಿನ ಗುಂಯ್‌ಗಾಟ, ಕೆಳಗಿನ ಅಂಗಡಿಯ ಫ್ರಿಜ್ಜು, ಆಟೋರಿಕ್ಷಾ, ದೂರದ ದೇವಸ್ಥಾನದ ಗಂಟೆ, ಕೊನೆಗೆ ನಮ್ಮದೇ ಉಸಿರು. ಪಟ್ಟಿ ಪುಟ ತುಂಬಿತು. ಕಿವಿ ಬೇಕಾದ್ದನ್ನು ಆರಿಸಿಕೊಂಡು ಬೇಡದ್ದನ್ನು ಬಿಡುತ್ತದೆ, ಮೈಕಿಗೆ ಆ ವಿವೇಕವಿಲ್ಲ ಎಂಬುದು ಅಂದಿನ ಪಾಠ. ಹಾಡುವವರನ್ನು ಕೂರಿಸುವ ಮುನ್ನ ಫ್ಯಾನು ನಿಲ್ಲಿಸಬೇಕು, ಬರಿಗೋಡೆಯ ಮುಂದೆ ರಜಾಯಿ ತೂಗುಹಾಕಬೇಕು, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಬೇಕು. ಬಟ್ಟೆ ಮಾರ್ದನಿಯನ್ನು ನುಂಗುತ್ತದೆ.

ಎರಡನೆಯದು ಮೈಕಿನ ದೂರ. ಸಾಮಾನ್ಯವಾಗಿ ಬಳಸುವ ಮೈಕು ಕೇಳುವ ವ್ಯಾಪ್ತಿಯನ್ನು ಕಾಗದದ ಮೇಲೆ ಬರೆದರೆ ಹೃದಯದ ಆಕಾರ ಬರುತ್ತದೆ: ಮುಂದೆ ಚೆನ್ನಾಗಿ ಕೇಳುತ್ತದೆ, ಬೆನ್ನಿಗೆ ಬಹುಮಟ್ಟಿಗೆ ಕಿವುಡು. ಆದ್ದರಿಂದ ಗದ್ದಲ ಬರುವ ಕಿಟಕಿಯ ಕಡೆಗೆ ಅದರ ಬೆನ್ನು ತಿರುಗಿಸಬೇಕು. ಬಾಯಿಗೂ ಅದಕ್ಕೂ ಸುಮಾರು ಒಂದು ಗೇಣು ಅಂತರವಿರಲಿ. ಬಯಲಿನಲ್ಲಾದರೆ ದೂರವನ್ನು ಅರ್ಧ ಮಾಡಿದಾಗ ಮಟ್ಟ 6 ಡೆಸಿಬಲ್ ಏರುತ್ತದೆ. ತೀರ ಹತ್ತಿರ ಹೋದರೆ ಮಂದ್ರದ ಭಾಗ ಉಬ್ಬಿ, ಮೆಲ್ಲಗೆ ಹಾಡುವವರ ದನಿಯೂ ದಪ್ಪವಾಗುತ್ತದೆ.

ಮೂರನೆಯದು ಗೇನ್, ಎಂದರೆ ಒಳಬರುವ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಲೆಕ್ಕ. ಹಾಲು ಕಾಯಿಸುವಾಗ ಪಾತ್ರೆಯಲ್ಲಿ ಮೇಲಕ್ಕೆ ಜಾಗ ಬಿಡುವುದಿಲ್ಲವೇ, ಹಾಗೆ ಇಲ್ಲಿಯೂ ಬಿಡಬೇಕು. ಟೇಪಿನ ಕಾಲದಲ್ಲಿ ಮಟ್ಟ ಮೀರಿದರೆ ದನಿ ಮೆಲ್ಲಗೆ ಒರಟಾಗುತ್ತಿತ್ತು. ಕಂಪ್ಯೂಟರಿನಲ್ಲಿ ಮೀರಿದರೆ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ. ಏಕೆಂದರೆ ಅಲ್ಲಿ ದನಿ ಎಂಬುದು ಬರಿಯ ಅಂಕಿಗಳು. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನಗಳ ದನಿ. ಅದನ್ನು ಹಿಡಿಯಲು ಇಮ್ಮಡಿಗಿಂತ ಹೆಚ್ಚು ಸಲ ಅಳೆಯಬೇಕು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು, ಒಂದೊಂದು ಅಳತೆಗೂ 65,536 ಮೆಟ್ಟಿಲುಗಳು. ಮೇಲಿನ ಕೊನೆಯ ಮೆಟ್ಟಿಲಿನಾಚೆ ಏನೂ ಇಲ್ಲ.

ಇದೆಲ್ಲ ಲೆಕ್ಕ, ನಮಗೆ ಕಷ್ಟವಾಗಲಿಲ್ಲ. ಕಷ್ಟ ಆರಂಭವಾದದ್ದು ತಿದ್ದುವ ಪಾಠದಿಂದ. ಮೇಷ್ಟ್ರು ಹೇಳುತ್ತಿದ್ದರು: ಹಿಂದೆ ವಾದ್ಯದವರೆಲ್ಲ ಒಂದೇ ಹಾಲಿನಲ್ಲಿ ಕೂತು, ಗಾಯಕರು ಮೂಲೆಯಲ್ಲಿ ನಿಂತು, ಹಾಡು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಮುಗಿಯಬೇಕಿತ್ತು. ಕೊನೆಯ ಸಾಲಿನ ಪಿಟೀಲಿನವರು ಒಂದು ಸ್ವರ ತಪ್ಪಿದರೆ ಎಲ್ಲರಿಗೂ ಮೊದಲಿನಿಂದ. ತಪ್ಪಿಗೆ ಬೆಲೆ ಇತ್ತು, ಆದ್ದರಿಂದ ತಾಲೀಮಿಗೂ ಬೆಲೆ ಇತ್ತು. ಈಗ ದನಿ ಪರದೆಯ ಮೇಲೆ ಬೆಟ್ಟಗುಡ್ಡಗಳ ಸಾಲಿನಂತೆ ಕಾಣುತ್ತದೆ. ಕೆಮ್ಮು ಒಂದು ಗುಡ್ಡ. ಗುರುತಿಸಿ ಕತ್ತರಿಸಿದರೆ ಕೆಮ್ಮಿಲ್ಲ. ಅಪಸ್ವರವನ್ನು ಎಳೆದು ಸ್ವರದ ಮೇಲೆ ಕೂರಿಸಲು ಆಟೋಟ್ಯೂನ್ ಎಂಬ ಉಪಕರಣ 1997ರಲ್ಲೇ ಬಂತು. ಅದನ್ನು ಕಂಡುಹಿಡಿದ ಅಮೆರಿಕದ ಎಂಜಿನಿಯರರು ಅದಕ್ಕೆ ಮುಂಚೆ ನೆಲದೊಳಗೆ ಅಲೆಗಳನ್ನು ಕಳುಹಿಸಿ ಎಣ್ಣೆ ಹುಡುಕುವ ಕೆಲಸದಲ್ಲಿದ್ದವರು. ಅಲ್ಲಿಯ ಗಣಿತವೇ ಇಲ್ಲಿ ಕಂಠದೊಳಗಿನ ಶ್ರುತಿಯನ್ನು ಹುಡುಕಿತು. ಪಾಠ ಮುಗಿಸುವಾಗ ಮೇಷ್ಟ್ರು, “ಮೂಲವನ್ನು ಮಾತ್ರ ಎಂದೂ ಮುಟ್ಟಬೇಡಿ, ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ” ಎಂದರು. ಗುಮಾಸ್ತರಲ್ಲವೇ, ನೋಟುಬುಕ್ಕಿನಲ್ಲಿ ಬರೆದು ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಂಡೆವು.

ಮೊದಲ ಪ್ರಯೋಗ ನಮ್ಮ ಅಮ್ಮನ ಮೇಲೆ. ಹಾಸನದ ಕಡೆಯ ಹಸೆ ಹಾಡೊಂದನ್ನು ಹಾಡಿಸಿ, ಎರಡು ರಾತ್ರಿ ಕೂತು, ಕೆಮ್ಮು ತೆಗೆದು, ಉಸಿರಿನ ಸದ್ದು ತಗ್ಗಿಸಿ, ಶ್ರುತಿ ತಿದ್ದಿ ಕೇಳಿಸಿದೆವು. ಅಷ್ಟರಲ್ಲಿ ನಮಗೇ ಸಂಕೋಚ ಶುರುವಾಗಿತ್ತು. ಇದು ಅಮ್ಮನ ದನಿಯೇ ಎಂದು ಮನಸ್ಸು ಕೇಳುತ್ತಿತ್ತು. ಅಮ್ಮನಿಗೆ ಅಂಥ ಸಂಕಟ ಏನೂ ಇರಲಿಲ್ಲ. “ಚೆನ್ನಾಗಿದೆ ಕಣೋ. ಇದನ್ನೇ ಎಲ್ಲರಿಗೂ ಕಳಿಸು” ಎಂದರು. ತಿದ್ದಿದ್ದೇವೆ ಎಂದು ಒಪ್ಪಿಕೊಂಡರೆ, “ಅದಕ್ಕೇನು? ಫೋಟೋ ತೆಗೆಸಿಕೊಳ್ಳೋವಾಗ ತಲೆ ಬಾಚಿಕೊಳ್ಳೋದಿಲ್ಲವೇ? ನೆಂಟರ ಮುಂದೆ ನನ್ನ ಕೆಮ್ಮು ಕೇಳಿಸಬೇಕು ಅಂತ ನಿನಗೇನು ಹಟ?” ಎಂದು ನಮ್ಮನ್ನೇ ಗದರಿದರು.

ಆದರೆ ಇನ್ನೊಮ್ಮೆ ಕೇಳುವಾಗ ಒಂದು ಜಾಗದಲ್ಲಿ ಕೈಯೆತ್ತಿ ನಿಲ್ಲಿಸಿದರು. “ಇಲ್ಲಿ ಏನು ಮಾಡಿದೆ?” ಅಲ್ಲಿ ಒಂದು ಸ್ವರ ಎರಡು ಸ್ವರಗಳ ನಡುವೆ ತೂಗಾಡುತ್ತಿತ್ತು. ಯಂತ್ರ ಅದನ್ನು ತಪ್ಪೆಂದು ಬಗೆದು ಹತ್ತಿರದ ಸ್ವರದ ಮೇಲೆ ಕೂರಿಸಿತ್ತು. “ಅದು ತಪ್ಪಲ್ಲ. ನಮ್ಮಮ್ಮ ಹೇಳಿಕೊಟ್ಟದ್ದೇ ಹಾಗೆ. ಅಲ್ಲಿ ಎಳೆದು ಬಿಡದೇ ಇದ್ದರೆ ಮದುಮಗಳನ್ನು ಕರೆದ ಹಾಗೇ ಆಗೋದಿಲ್ಲ.” ಯಂತ್ರಕ್ಕೆ ಗೊತ್ತಿರುವುದು ಸಪ್ತಕವನ್ನು ಸಮನಾಗಿ ಹಂಚಿದ ಹನ್ನೆರಡು ಮನೆಗಳು. ಅಜ್ಜಿಯಿಂದ ಅಮ್ಮನಿಗೆ ಬಂದ ಆಸ್ತಿ ಆ ಮನೆಗಳ ನಡುವಿನ ಓಣಿಯಲ್ಲಿತ್ತು. ಕೆಮ್ಮನ್ನು ಬಿಟ್ಟುಕೊಟ್ಟ ಅಮ್ಮ ಆ ಓಣಿಯನ್ನು ಬಿಟ್ಟುಕೊಡಲಿಲ್ಲ. ಯಾವುದು ತಪ್ಪು, ಯಾವುದು ಮನೆತನದ ವರಸೆ ಎಂಬುದನ್ನು ಹಾಡಿದವರನ್ನು ಕೇಳದೆ ತಿಳಿಯುವ ದಾರಿಯಿಲ್ಲವೆಂದು ಅಂದು ಕಲಿತೆವು. ಆ ಜಾಗವನ್ನು ಮೂಲದಿಂದ ತಂದು ಮತ್ತೆ ಜೋಡಿಸಿದೆವು.

ಕಲಿತದ್ದು ಸಾಲದಾಯಿತು. ನಮ್ಮ ಸಂಘದಲ್ಲಿ ಕುಂದಾಪುರದ ಕಡೆಯ ಅಜ್ಜಿಯೊಬ್ಬರಿದ್ದರು. ಯಜಮಾನರು ಮದರಾಸಿನ ಉಡುಪಿ ಹೋಟೆಲೊಂದರಲ್ಲಿ ಅಡುಗೆಯವರಾಗಿ ಬಂದವರು. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಜ್ಜಿ ನಮ್ಮ ಮುಂದೆ ಒಂದು ತೊಟ್ಟಿಲ ಹಾಡು ಹಾಡಿದರು. ಮೂರನೆಯ ಸಾಲಿಗೆ ಬಂದಾಗ ಮರೆತರು. “ಅಯ್ಯೋ ಮಾಣಿ, ಮರ್ತೇ ಹೋಯ್ತ್ ಕಾಣ್!” ಎಂದು ಜೋರಾಗಿ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಹಿಡಿದು ಮುಗಿಸಿದರು. ಸ್ವಾತಂತ್ರ್ಯ ದಿನದ ಕಾರ್ಯಕ್ರಮ ಹತ್ತಿರ ಬಂದಿತ್ತು. ಆತುರದಲ್ಲಿ ಮರೆವು, ಮಾತು, ನಗು ಎಲ್ಲವನ್ನೂ ಕತ್ತರಿಸಿ, ಎರಡು ತುದಿಗಳನ್ನು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡಿಸಿ, ಅದೇ ಹೆಸರಿನಲ್ಲಿ ಉಳಿಸಿಬಿಟ್ಟೆವು. ಮೆಮೊರಿ ಕಾರ್ಡನ್ನು ಮುಂದಿನ ವಾರದ ಕೆಲಸಕ್ಕೆಂದು ಅಳಿಸಿದೆವು. ಕೆಂಪು ಗೆರೆ ನೋಟುಬುಕ್ಕಿನಲ್ಲಿ ಹಾಗೆಯೇ ಇತ್ತು. ಕಾರ್ಯಕ್ರಮದಲ್ಲಿ ಹಾಡು ಕೇಳಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಮಗೂ ಹೆಮ್ಮೆಯಾಯಿತು.

ನಾಲ್ಕು ತಿಂಗಳಲ್ಲಿ ಅಜ್ಜಿ ತೀರಿಕೊಂಡರು. ಪುಣೆಯಲ್ಲಿರುವ ಮಗಳಿಗೆ ಹಾಡನ್ನು ಕಳುಹಿಸಿದೆವು. ಎರಡು ದಿನ ಬಿಟ್ಟು ಅವರು ಫೋನು ಮಾಡಿದರು. “ಹಾಡು ಚೆನ್ನಾಗಿ ಬಂದಿದೆ. ಒಂದು ಕೇಳಬೇಕಿತ್ತು. ಅಮ್ಮ ಮೂರನೇ ಸಾಲಲ್ಲಿ ಯಾವಾಗಲೂ ಮರೆಯುತ್ತಿದ್ದರು. ಮರೆತು ನಗುತ್ತಿದ್ದರು. ನಾವು ಮಕ್ಕಳು ಆ ನಗುವಿಗಾಗಿಯೇ ಆ ಹಾಡು ಹೇಳಿಸುತ್ತಿದ್ದೆವು. ನಿಮ್ಮ ಹತ್ತಿರ ಹಾಡಿದಾಗ ಮರೆಯಲಿಲ್ಲವೇ?”

ಒಂದು ಕ್ಷಣ ತಡೆದು, “ಇಲ್ಲ, ಮರೆಯಲಿಲ್ಲ” ಎಂದೆವು. “ಹಾಗಾದರೆ ಕೊನೆಗಾದರೂ ಪೂರ್ತಿ ಹಾಡಿದರಲ್ಲ” ಎಂದು ಅವರು ಸಮಾಧಾನ ಪಟ್ಟುಕೊಂಡರು. ಆ ಸಮಾಧಾನವೇ ನಮ್ಮನ್ನು ಮಲಗಗೊಡಲಿಲ್ಲ. ಕಂಪ್ಯೂಟರಿನಲ್ಲಿ ನಾವು ಹಾಕಿದ ಹೊಲಿಗೆ ಅಷ್ಟು ನಯವಾಗಿತ್ತು; ಅದನ್ನು ಕಾಪಾಡಲು ಈಗ ಬಾಯಿಂದಲೂ ಒಂದು ಸುಳ್ಳು ಹೊರಟಿತ್ತು.

ತಿದ್ದುವುದೇ ಸುಳ್ಳೇ? ಆ ರಾತ್ರಿಗಳಲ್ಲಿ ಈ ಪ್ರಶ್ನೆಯನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದೆವು. ಮುಟ್ಟದ ಧ್ವನಿಮುದ್ರಣ ಎಂಬುದು ಇಲ್ಲವೇ ಇಲ್ಲ. ಫ್ಯಾನು ನಿಲ್ಲಿಸಿದಾಗಲೇ, ಮೈಕಿನ ಬೆನ್ನನ್ನು ಬೀದಿಗೆ ತಿರುಗಿಸಿದಾಗಲೇ ಒಂದನ್ನು ಆರಿಸಿ ಇನ್ನೊಂದನ್ನು ಬಿಟ್ಟಾಯಿತು. ಈ ಲೇಖನವನ್ನು ಸಂಪಾದಕರು ತಿದ್ದಿದರೆ ನಾವು ಕೃತಜ್ಞರಾಗಿರುತ್ತೇವೆ. ಸಿನಿಮಾದಲ್ಲಿ ತುಟಿ ಒಬ್ಬರದು, ಕಂಠ ಇನ್ನೊಬ್ಬರದು. ರಾಜಕುಮಾರರಿಗೆ ಪಿ.ಬಿ. ಶ್ರೀನಿವಾಸರು ಹಾಡಿದಾಗ ಕನ್ನಡಿಗರು ಯಾರೂ ಮೋಸಹೋದೆವೆಂದು ದೂರಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ನಂತರ ರಾಜಕುಮಾರರೇ ಹಾಡತೊಡಗಿದಾಗ, ಹಿಂದಿನ ಹಾಡುಗಳನ್ನು ಯಾರೂ ಸುಳ್ಳೆನ್ನಲಿಲ್ಲ. ಹಾಡಿದವರ ಹೆಸರು ಶೀರ್ಷಿಕೆಯಲ್ಲೇ ಇತ್ತು, ಎಲ್ಲರಿಗೂ ಗೊತ್ತಿತ್ತು.

ಹಾಗೆಂದು ಎಲ್ಲ ತಿದ್ದುಪಡಿಯೂ ನಿರಪಾಯವಲ್ಲ. ಮಕ್ಕಳ ಗಾಯನ ಸ್ಪರ್ಧೆಯೊಂದಕ್ಕೆ ಫೋನಿನಲ್ಲಿ ಮುದ್ರಿಸಿ ಕಳುಹಿಸಿದ ಹಾಡುಗಳನ್ನು ಕೇಳುವ ಅವಕಾಶ ನಮಗೊಮ್ಮೆ ಬಂದಿತ್ತು. ಒಂದು ಮಗುವಿನ ದನಿ ಅಡ್ಡಗೋಲು ಇಟ್ಟು ಎಳೆದ ಗೆರೆಯಂತೆ ನೇರವಾಗಿತ್ತು. ಯಂತ್ರದ ಕೈವಾಡ ತಿಳಿದವರಿಗೆ ತಿಳಿಯುತ್ತಿತ್ತು. ಬಹುಮಾನ ಅದಕ್ಕೇ ಹೋಯಿತು. ನಿಜವಾಗಿ ಹಾಡಿ, ನಿಜವಾಗಿ ಒಂದೆರಡು ಕಡೆ ಜಾರಿದ ಮಗು ಬರಿಗೈಯಲ್ಲಿ ಉಳಿಯಿತು. ಅದೇ ಉಪಕರಣ, ಅದೇ ತಿದ್ದುಪಡಿ. ಅಮ್ಮನ ಹಾಡಿನಲ್ಲಿ ತಲೆ ಬಾಚಿದಷ್ಟು ಮುಗ್ಧವಾದದ್ದು ಇಲ್ಲಿ ಇನ್ನೊಬ್ಬರ ತಟ್ಟೆಯ ಅನ್ನವನ್ನು ಕಸಿದಿತ್ತು.

ಇದರಿಂದ ನಮಗೆ ತೋರಿದ್ದು ಇಷ್ಟು. ಪ್ರತಿಯೊಂದು ಧ್ವನಿಮುದ್ರಣವೂ ಕೇಳುವವರಿಗೆ ಒಂದು ಮಾತು ಕೊಡುತ್ತದೆ. ಚಿತ್ರಗೀತೆ ಕೊಡುವ ಮಾತು “ಇದು ಇಂಪಾಗಿರುತ್ತದೆ” ಎಂಬುದು. ಸ್ಪರ್ಧೆಯ ಹಾಡು ಕೊಡುವ ಮಾತು “ಈ ಮಗು ಹೀಗೆ ಹಾಡುತ್ತದೆ” ಎಂಬುದು. ಮನೆಯ ಹಿರಿಯರ ಹಾಡನ್ನು ನೆನಪಿಗೆಂದು ಮುದ್ರಿಸಿದಾಗ ನಾವು ಕೊಡುವ ಮಾತು “ಅವರು ಹೀಗಿದ್ದರು” ಎಂಬುದು. ತಿದ್ದುಪಡಿ ಆ ಮಾತನ್ನು ಮುರಿದರೆ ಅದು ಸುಳ್ಳು, ಮುರಿಯದಿದ್ದರೆ ಅಲಂಕಾರ. ಅಜ್ಜಿಯ ಹಾಡಿನಲ್ಲಿ ನಾವು ಇಂಪನ್ನು ಉಳಿಸಿ ಅಜ್ಜಿಯನ್ನು ಕತ್ತರಿಸಿದ್ದೆವು.

ವಿಚಿತ್ರವೆಂದರೆ, ಇದಕ್ಕೆ ಬೇಕಾದ ನೀತಿಪಾಠ ನಮ್ಮ ಕಛೇರಿಯಲ್ಲೇ ಇತ್ತು. ನೌಕರರ ಸೇವಾ ಪುಸ್ತಕದಲ್ಲಿ ತಪ್ಪು ಬರೆದರೆ ಕೆರೆಯುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಹೊಡೆದು, ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಈಗಿನ ಇ-ಆಫೀಸಿನಲ್ಲೂ ಒಮ್ಮೆ ಮೇಲಕ್ಕೆ ಕಳುಹಿಸಿದ ಟಿಪ್ಪಣಿಯನ್ನು ಬದಲಿಸಲಾಗದು. ತಿದ್ದಲು ಸರ್ಕಾರದ ಅಡ್ಡಿಯಿಲ್ಲ; ತಿದ್ದಿದ್ದು ಕಾಣಬೇಕು, ತಿದ್ದಿದವರು ಯಾರೆಂದು ತಿಳಿಯಬೇಕು, ಅಷ್ಟೇ. ಒಂದು ತಾರೀಖಿನ ತಪ್ಪಿಗೆ ಇಷ್ಟು ಎಚ್ಚರ ವಹಿಸುವ ಗುಮಾಸ್ತರು ಒಂದು ಜೀವದ ನಗುವಿಗೆ ಬಿಳಿ ಬಣ್ಣ ಬಳಿದಿದ್ದೆವು.

ಹತ್ತು ದಿನಗಳ ನಂತರ ಪುಣೆಗೆ ಫೋನು ಮಾಡಿದೆವು. ಕಡತದ ಭಾಷೆಯಲ್ಲಿ ‘ನಾವು’ ಎಂದರೆ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ. ಅಂದು ಆ ಸೌಕರ್ಯವಿರಲಿಲ್ಲ. ಮರೆತರು, ನಕ್ಕರು, ಕತ್ತರಿಸಿದೆವು, ಮೂಲ ಉಳಿದಿಲ್ಲ, ಕೇಳಿದಾಗ ಸುಳ್ಳು ಹೇಳಿದೆವು ಎಂದು ಒಂದೊಂದಾಗಿ ಒಪ್ಪಿಸಿದೆವು. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಬೈದರೆ ಬೈಸಿಕೊಳ್ಳಲು ಸಿದ್ಧರಾಗಿದ್ದೆವು. ಅವರು ಬೈಯಲಿಲ್ಲ. “ನಕ್ಕರಲ್ಲವೇ?” ಎಂದರು. ಆಮೇಲೆ, “ಹೇಗೆ ನಕ್ಕರು, ಸ್ವಲ್ಪ ಹೇಳಿ” ಎಂದರು.

ಸೆಕೆಂಡಿಗೆ 44,100 ಅಳತೆಗಳಲ್ಲಿ ಒಮ್ಮೆ ನಮ್ಮ ಕೈಯಲ್ಲಿದ್ದ ಆ ನಗುವನ್ನು ಮಾತಿನಲ್ಲಿ ಹೇಳಲು ಹೊರಟೆವು. ಜೋರಾಗಿ ನಕ್ಕರು ಎಂದೆವು. ಸೆರಗಿನಿಂದ ಕಣ್ಣೊರೆಸಿಕೊಂಡರು ಎಂದೆವು. ಅದಕ್ಕಿಂತ ಹೆಚ್ಚು ಹೇಳಲು ನಮಗೆ ಬರಲಿಲ್ಲ.

ಭಾರತದಲ್ಲಿ ವಾಣಿಜ್ಯ ರೂಪದ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತದಲ್ಲಿ. ಅಂದು ಹಾಡಿದ ಗೌಹರ್ ಜಾನ್ ಅವರು ಸುಮಾರು ಮೂರು ನಿಮಿಷದ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಫಲಕಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಹಾಡು ಯಾರದೆಂದು ತಿಳಿಯಲಿ ಎಂದು. ಆಕೆ ಬದುಕಿನ ಕೊನೆಯಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹಾಡಿನ ಕೊನೆಗೆ ಹೆಸರು ಹೇಳುವ ಆ ಪದ್ಧತಿಯನ್ನು ನಾವೀಗ ಸಂಘದ ಕೆಲಸಕ್ಕೆ ಅಳವಡಿಸಿಕೊಂಡಿದ್ದೇವೆ. ಪ್ರತಿ ಹಾಡಿಗೂ ಎರಡು ಪ್ರತಿಗಳು. ಒಂದು ಮೂಲ, ಕೆಮ್ಮು ನಗುಗಳೊಡನೆ, ಯಾರೂ ಮುಟ್ಟದಂತೆ ಎರಡು ಬೇರೆ ಬೇರೆ ಜಾಗಗಳಲ್ಲಿ ಇಟ್ಟದ್ದು. ಇನ್ನೊಂದು ಶುದ್ಧಪ್ರತಿ, ಹಾಡಿದವರಿಗೆ ಕೇಳಿಸಿ ಒಪ್ಪಿಗೆ ಪಡೆದದ್ದು. ಅದರ ಕೊನೆಗೆ ಹಾಡಿದವರ ಹೆಸರು, ಊರು, ದಿನಾಂಕ, ಏನೇನು ತಿದ್ದಿದೆ ಎಂಬ ಒಂದು ವಾಕ್ಯ.

ವಾಚಕರ ಮನೆಗಳಲ್ಲಿ ಹಾಡುವ ಹಿರಿಯರಿದ್ದರೆ ದಯವಿಟ್ಟು ತಡಮಾಡಬೇಡಿ. ಸ್ಟುಡಿಯೋ ಬೇಕಿಲ್ಲ, ಕೈಯಲ್ಲಿರುವ ಫೋನು ಸಾಕು. ಫ್ಯಾನು ನಿಲ್ಲಿಸಿ, ಬೀರುವಿನ ಬಾಗಿಲು ತೆರೆಯಿರಿ, ಒಂದು ಗೇಣು ದೂರದಲ್ಲಿ ಹಿಡಿಯಿರಿ. ಅವರು ಮರೆತರೆ ಮರೆಯಲಿ. ಯಂತ್ರವನ್ನು ಮಾತ್ರ ನಿಲ್ಲಿಸಬೇಡಿ.

ಅಜ್ಜಿಯ ಹಾಡೂ ಸಂಘದ ಸಂಗ್ರಹದಲ್ಲಿದೆ. ಅದರ ಕೊನೆಗೆ ಅವರ ಮಗಳ ಒಪ್ಪಿಗೆಯಿಂದ ಸೇರಿಸಿದ ನಮ್ಮ ದನಿ ಕೇಳುತ್ತದೆ: “ಮೂರನೆಯ ಸಾಲಿನ ನಂತರ ಅಜ್ಜಿ ನಕ್ಕಿದ್ದರು. ಅದನ್ನು ತೆಗೆದವರು ನಾವು.” ಆ ದನಿ ಸ್ವಲ್ಪ ನಡುಗುತ್ತದೆ. ಅದನ್ನು ತಿದ್ದಿಲ್ಲ.